ಸದ್ದಿಗೆ ಬೀಗ

ಬಾತುಕೋಳಿಗಳ ಹಾಡು ರಸ್ತೆಯ ತಿರುವಿನಲ್ಲೇ ಕೇಳಿಸಿತು. ಸಸಿಗಳ ನರ್ಸರಿಯ ಕೆಲಸ ಮುಗಿಸಿ ನಡೆದು ಬರುತ್ತಿದ್ದ ಸೊಸೆ ಹೆಜ್ಜೆ ಚುರುಕು ಮಾಡಿದಳು. ಪಕ್ಕದ ಹಿಟ್ಟಿನ ಗಿರಣಿಯವನು ಬಾಗಿಲಲ್ಲಿ ನಿಂತು, ತಲೆಗೂದಲಿಗೆ ಹತ್ತಿದ ಹಿಟ್ಟನ್ನು ಟವೆಲಿನಿಂದ ಕೊಡವಿಕೊಳ್ಳುತ್ತಿದ್ದ.

“ಏನಕ್ಕಾ, ನಿಮ್ಮ ಫೋನು ನನ್ನ ಮಷೀನಿಗೇ ಪೈಪೋಟಿ ಕೊಡ್ತಾ ಇದೆಯಲ್ಲ? ನುಣ್ಣಗೆ ಬೇಕೋ ತರಿ ಬೇಕೋ ಅಂತ ಗಿರಾಕಿ ಹೇಳೋದೇ ಕೇಳಿಸಲ್ಲ ನಂಗೆ. ಇವತ್ತು ಬಾತುಕೋಳಿ ಹಾಡು ಹೇಳ್ಕೊಂಡೇ ಹತ್ತು ಸೇರು ಬೀಸಿದೆ.”

ಸೊಸೆ ನಕ್ಕಂತೆ ಮಾಡಿ ಒಳಗೆ ಹೋದಳು. ನಡುಮನೆಯಲ್ಲಿ ಚಾಪೆಯ ಮೇಲೆ ಅವಳ ಚಿಕ್ಕ ಹೆಣ್ಣುಮಗು ಕಾಲು ಚಾಚಿ ಕೂತಿತ್ತು. ಹುಟ್ಟಿದಾಗ ಬೊಗಸೆಯೊಳಗೆ ಹಿಡಿಸುವಷ್ಟಿದ್ದುದರಿಂದ ಅಜ್ಜಿ ಅದನ್ನು ಜೀರಿಗೆ ಎಂದು ಕರೆದಿದ್ದಳು. ಎರಡೂವರೆ ವರ್ಷವಾದರೂ ಅದೇ ಹೆಸರು ನಿಂತಿತ್ತು. ಫೋನನ್ನು ಚೊಂಬಿಗೆ ಒರಗಿಸಿ ಇಟ್ಟಿತ್ತು. ತೆರೆಯ ಮೇಲೆ ಹಳದಿ ಬಾತುಕೋಳಿಗಳು ಸಾಲಾಗಿ ಕೆರೆಗೆ ಇಳಿಯುತ್ತಿದ್ದವು. ಎರಡು ಮಾರು ದೂರದಲ್ಲಿ ಅತ್ತೆ ಗೋಡೆಗೆ ಬೆನ್ನು ಕೊಟ್ಟು ಗಿರಣಿಯ ಹರಿದ ಚೀಲ ಹೊಲಿಯುತ್ತಿದ್ದಳು.

“ಅತ್ತೆ, ಸೌಂಡು ಸ್ವಲ್ಪ ಕಮ್ಮಿ ಮಾಡಬಾರ್ದಾ?”

“ಆಂ?”

“ಸೌಂಡೂ!”

“ಕಮ್ಮಿ ಮಾಡಿದ್ರೆ ಮಗು ಎದ್ದು ಹೋಗುತ್ತೆ ಕಣೇ. ಇರಲಿ ಬಿಡು.”

ಈ ಫೋನಿಗೆ ಬೀಗ ಹಾಕಿದ್ದು ಸೊಸೆಯೇ. ಏಳು ತಿಂಗಳ ಹಿಂದಿನ ಮಾತು. ತುತ್ತು ಇಡುವಾಗ ಮಗುವಿಗೆ ಹಾಡು ಬೇಕು, ಆದರೆ ಹಾಡು ಹಾಕಿದರೆ ಅದರ ಬೆರಳು ಸುಮ್ಮನಿರುತ್ತಿರಲಿಲ್ಲ. ಎಲ್ಲೆಲ್ಲೋ ಒತ್ತಿ ಹಾಡು ನಿಲ್ಲುತ್ತಿತ್ತು, ಹಾಡು ನಿಂತರೆ ಮನೆ ಹಾರಿಹೋಗುವಂತೆ ಅಳುತ್ತಿತ್ತು. ಒಂದು ಸಲ ಅದು ಒತ್ತಿದ ರಭಸಕ್ಕೆ ನರ್ಸರಿಯ ಯಜಮಾನರಿಗೇ ಫೋನು ಹೋಗಿ, ಅವರು ಹತ್ತು ನಿಮಿಷ ಇವರ ಮನೆಯ ಪಾತ್ರೆ ತೊಳೆಯುವ ಸದ್ದು ಕೇಳಿದ್ದರು. ಅದನ್ನು ಕೇಳಿ ನಕ್ಕ ಜೊತೆಯ ಕೆಲಸದವಳೊಬ್ಬಳು ಒಂದು ಆ್ಯಪ್ ಹಾಕಿಕೊಟ್ಟಳು. ಹಾಡು ಶುರುವಾದ ಮೇಲೆ ಮೂಲೆಯ ಬೀಗದ ಚಿತ್ರ ಮುಟ್ಟಿದರೆ ಆಯಿತು. ಆಮೇಲೆ ತೆರೆಯನ್ನು ಎಲ್ಲಿ ಒತ್ತಿದರೂ ಏನೂ ಆಗದು. ಪಕ್ಕದ ಗುಂಡಿಗಳಿಗೂ ಬೀಗವೇ, ಸೌಂಡು ಏರಿಸಲೂ ಆಗದು, ಇಳಿಸಲೂ ಆಗದು, ಆಫ್ ಮಾಡಲೂ ಆಗದು. ತೆಗೆಯಬೇಕಾದರೆ ತೆರೆಯ ನಾಲ್ಕು ಮೂಲೆಗಳನ್ನು ಒಂದು ಕ್ರಮದಲ್ಲಿ ತಟ್ಟಬೇಕು: ಮೇಲಿನ ಎಡ, ಕೆಳಗಿನ ಬಲ, ಮೇಲಿನ ಬಲ, ಕೆಳಗಿನ ಎಡ. ಚೀಲದ ಬಾಯಿಗೆ ಅಡ್ಡಡ್ಡ ಹೊಲಿಗೆ ಹಾಕಿದ ಹಾಗೆ. ಅತ್ತೆ ಅದನ್ನು ಒಂದೇ ದಿನದಲ್ಲಿ ಕಲಿತಿದ್ದಳು. ಪಂಪು ರಿಪೇರಿ ಮಾಡುವ ಅವಳ ಮಗನಿಗೆ ಎರಡು ದಿನ ಬೇಕಾಗಿತ್ತು.

ಆ ಫೋನು ಮನೆಯಲ್ಲೇ ಇರುತ್ತಿತ್ತು. ಸೊಸೆ ಕೆಲಸಕ್ಕೆ ಒಯ್ಯುತ್ತಿದ್ದುದು ಹಳೆಯ ಗುಂಡಿ ಫೋನು.

ಆ ದಿನ ಊಟಕ್ಕೆ ಕೂತಾಗ ಮಗ ಗೋಣು ತಿರುಗಿಸಿ, “ಅವ್ವಾ, ಅದನ್ನ ಇತ್ತ ಕೊಡು,” ಎಂದ.

“ಆಂ?”

“ಅದು ಕಣವ್ವಾ, ನಿನ್ನ ಪಕ್ಕದಲ್ಲೇ ಇದೆಯಲ್ಲ!”

“ಏನು ಬೇಕು ಅಂತ ಹೆಸರು ಹೇಳೋ.”

“ಉಪ್ಪೂ!” ಎಂದು ಅವನು ಕಿರುಚಿದ ರಭಸಕ್ಕೆ ಜೀರಿಗೆ ಬೆಚ್ಚಿ ತಟ್ಟೆಗೆ ಕೈಯಿಟ್ಟಿತು. ಅತ್ತೆ ತಡವರಿಸದೆ ಕೈ ಚಾಚಿ ಉಪ್ಪಿನ ಭರಣಿ ಎತ್ತಿ ಕೊಟ್ಟಳು. ಅದರ ಜಾಗ ಮೂವತ್ತು ವರ್ಷದಿಂದ ಬದಲಾಗಿರಲಿಲ್ಲ.

ಮಗ ಹೆಂಡತಿಯ ಮುಖ ನೋಡಿದ. “ಕಿವಿ ಹೋಗಿದೆ ಕಣೇ ಅವ್ವನಿಗೆ.”

“ನಾನು ಒಂದು ತಿಂಗಳಿಂದ ಅದೇ ಬಡ್ಕೋತಾ ಇದ್ದೀನಿ. ಏನು ಕೇಳಿದ್ರೂ ಆಂ, ಏನು ತೋರಿಸಿದ್ರೂ ಆಂ. ಸೌಂಡು ಅಷ್ಟು ಇಟ್ಕೊಳ್ಳೋದು ಮತ್ಯಾಕೆ?”

ಅತ್ತೆ ಒಂದು ತುತ್ತು ನಿಧಾನವಾಗಿ ಅಗಿದು ನುಂಗಿದಳು. “ವಯಸ್ಸಾಯ್ತಲ್ಲಪ್ಪ. ಮಂದ ಆಗಿರಬೇಕು,” ಎಂದಳು.

ಐದನೆಯ ತರಗತಿಯಲ್ಲಿದ್ದ ದೊಡ್ಡ ಮಗಳು ತಲೆ ಎತ್ತದೆ ತಟ್ಟೆಯನ್ನು ಬಳಿಯುತ್ತಲೇ ಇದ್ದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡತೊಡಗಿದರು. “ಅತ್ತೇ, ಹಾಲು ಕಾಯಿಸಿದೀನಿ!” “ಅವ್ವಾ, ನಾ ಹೊರಟೆ!” ಗಿರಣಿಯವನಂತೂ ಗೋಡೆಯಾಚೆಯಿಂದಲೇ ಕುಶಲ ವಿಚಾರಿಸುತ್ತಿದ್ದ. ಅತ್ತೆ ಎಲ್ಲರಿಗೂ ಶಾಂತವಾಗಿ ಉತ್ತರ ಕೊಡುತ್ತಿದ್ದಳು. ಒಮ್ಮೆ ಮಾತ್ರ, ಸೊಸೆ ಕಿವಿಯ ಹತ್ತಿರ ಬಂದು ಕೂಗಿದಾಗ, “ನಿಧಾನ ತಾಯಿ, ಇರೋ ಕಿವೀನೂ ಹೋದೀತು,” ಎಂದಳು.

ತಿಂಗಳ ಕೊನೆಗೆ ಮಗ ಒಂದು ದಿನ ರಜೆ ಹಾಕಿ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳು ಅವನ ಅಂಗಿಯ ತೋಳು ಹಿಡಿದಿದ್ದಳು. ಗಾಡಿಗಳ ಸದ್ದು ಸರಿಯಾಗಿ ಕೇಳದೆ ಹೆದರಿದ್ದಾಳೆ ಎಂದುಕೊಂಡ ಅವನು ತೋಳನ್ನು ಬಿಡಿಸಿಕೊಳ್ಳಲಿಲ್ಲ. ಕಿವಿ ಪರೀಕ್ಷೆ ಮಾಡುವ ಹುಡುಗಿ ಅವಳನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, “ಸದ್ದು ಕೇಳಿಸಿದಾಗ ಒತ್ತಿ ಅಜ್ಜಿ,” ಎಂದಳು. ಕಾಲು ಗಂಟೆಯಾದ ಮೇಲೆ ನಗುತ್ತಾ ಹೊರಗೆ ಬಂದಳು.

“ಇವರನ್ನ ಯಾಕೆ ಕರ್ಕೊಂಡು ಬಂದ್ರಿ? ನನ್ನ ಕಿವಿಗಿಂತ ಚೆನ್ನಾಗಿದೆ ಇವರದ್ದು. ನಾನು ಆಚೆ ಕೂತು ಪೆನ್ನಿನ ಕ್ಯಾಪು ಹಾಕಿದ್ದಕ್ಕೂ ಗುಂಡಿ ಒತ್ತಿದ್ರು.”

ಅವಳು ಅದನ್ನು ಕಾಗದದ ಮೇಲೂ ಬರೆದುಕೊಟ್ಟಳು. ಮಗ ಕಾಗದ ಮಡಚಿ ಜೇಬಿಗೆ ಹಾಕಿಕೊಂಡ.

ಅದೇ ವಾರ ಸೊಸೆ ಜೀರಿಗೆಯನ್ನು ತೂಕ ನೋಡಿಸಲು ಕರೆದೊಯ್ದಿದ್ದಳು. ತೂಕ ಸರಿಯಿತ್ತು. ನರ್ಸು ಮಗುವಿನ ಮುಂದೆ ಬಣ್ಣದ ಚೆಂಡು ಆಡಿಸಿ, “ಏನಿದು ಪುಟ್ಟಾ? ಅಮ್ಮ ಎಲ್ಲಿ?” ಎಂದು ಕೇಳಿದಳು. ಮಗು ಬೆರಳು ತೋರಿಸಿತು, ಬಾಯಿ ಬಿಡಲಿಲ್ಲ.

“ಮಾತು ಒಂದೂ ಇಲ್ವಾ?”

“ಅಳುತ್ತೆ, ನಗುತ್ತೆ. ಹೇಳಿದ್ದೆಲ್ಲ ತಿಳಿಯುತ್ತೆ.”

“ಫೋನು ಎಷ್ಟು ಹೊತ್ತು ನೋಡುತ್ತೆ?”

“ಒಂದು ಗಂಟೆ,” ಎಂದಳು ಸೊಸೆ. ಅವಳ ಕಿವಿ ಬಿಸಿಯಾಯಿತು.

“ಕಮ್ಮಿ ಮಾಡಿ. ಮನೇಲಿ ಯಾರಾದ್ರೂ ಮಗು ಜೊತೆ ಕೂತು ಮಾತಾಡಬೇಕು. ಮಾತಾಡಿಸದೆ ಮಾತು ಬರಲ್ಲ.”

ಆ ಸಂಜೆ ಸೊಸೆ ಒಲೆಯ ಮುಂದೆ ಪಾತ್ರೆಗಳನ್ನು ಎತ್ತಿ ಕುಕ್ಕುತ್ತಿದ್ದಳು. ಕೊನೆಗೆ ತಡೆಯಲಾರದೆ ಹೊರಗೆ ಬಂದು ಅತ್ತೆಯ ಎದುರು ನಿಂತಳು.

“ಕಿವಿ ಚೆನ್ನಾಗೇ ಇದೆ ಅಂದ್ಮೇಲೆ ಈ ನಾಟಕ ಯಾಕೆ ಅತ್ತೆ?”

“ನಾಟಕ ಏನೇ?”

“ಬೆಳಗಿಂದ ಸಂಜೆವರೆಗೆ ಮಗು ಮುಂದೆ ಫೋನನ್ನ ಕಿರುಚೋಕೆ ಬಿಟ್ಟು ನೀವು ಚೀಲ ಹೊಲೀತಾ ಕೂತಿರ್ತೀರಿ. ಒಂದು ಮಾತು ಆಡಿಸಿದ್ದೀರಾ ಅದನ್ನ? ದೊಡ್ಡೋಳನ್ನ ಸಾಕಿದಾಗ ಕಥೆ ಹೇಳ್ತಿದ್ರಿ, ಎತ್ಕೊಂಡು ಬೀದಿ ತುಂಬ ತಿರುಗ್ತಿದ್ರಿ. ಇದರ ಪಾಲಿಗೆ ಫೋನು.”

“ಆಗ ನಂಗೆ ಕೈಕಾಲಿತ್ತು.”

“ಈಗ ಏನಾಗಿದೆ ಕೈಕಾಲಿಗೆ? ಹೇಳಿ, ಅದಕ್ಕೂ ಡಾಕ್ಟರ ಹತ್ರ ಹೋಗೋಣ.”

ಅತ್ತೆ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. “ನಾನು ಆರಾಮಾಗಿ ಕೂತಿದ್ದೀನಿ ಅಂತ ತಿಳ್ಕೊಂಡಿದ್ದೀಯಾ ನೀನು?” ಎಂದಷ್ಟೇ ಕೇಳಿದಳು.

“ಕಣ್ಣಿಗೆ ಕಾಣೋದೇ ಅದು,” ಎಂದಳು ಸೊಸೆ.

ಮಗ ನಡುವೆ ಬಂದ. “ಬಿಡ್ರೇ, ನಾನು ಬಂದ ತಕ್ಷಣ ಶುರು ಹಚ್ಕೋತೀರಿ. ಪಂಪುಗಳೇ ವಾಸಿ, ಬಿಚ್ಚಿದ್ರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುತ್ತೆ.”

ಸೊಸೆ ಫೋನು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು ಆ ಆ್ಯಪಿನ ಒಳಗೆಲ್ಲ ಹುಡುಕಿದಳು. ನಾಲ್ಕು ಮೂಲೆ ತಟ್ಟುವುದನ್ನು ತೆಗೆದು ಹಾಕಿ, ನಾಲ್ಕು ಅಂಕಿಗಳ ಗುಟ್ಟು ಇಟ್ಟಳು. ಹಾಡು ಒಂದೇ ಗಂಟೆ, ಆಮೇಲೆ ತೆರೆ ತಾನೇ ಆರಿಹೋಗುವ ಹಾಗೆ ಮಾಡಿದಳು. ಸೌಂಡನ್ನು ಎರಡೇ ಗೆರೆಗೆ ಇಳಿಸಿದಳು. ಬೀಗ ಬಿದ್ದ ಮೇಲೆ ಅದು ಅಲ್ಲಿಂದ ಅಲುಗದು.

“ಅತ್ತೆ, ಅಂಕಿ ಹೇಳ್ತೀನಿ, ಬೇಕಾದ್ರೆ ನೆನಪಿಟ್ಕೊಳ್ಳಿ. ಆದ್ರೆ ಸೌಂಡು ಮಾತ್ರ ಮುಟ್ಟಬೇಡಿ.”

“ನಂಗ್ಯಾಕೆ ಅಂಕಿ,” ಎಂದಳು ಅತ್ತೆ. “ಆ ಮೂಲೆಗಳೇ ಚೆನ್ನಾಗಿದ್ವು.”

ಮುಂದಿನ ದಿನಗಳಲ್ಲಿ ಅತ್ತೆ ಬೇರೆಯೇ ಒಂದು ಅಭ್ಯಾಸ ಹಿಡಿದಳು. ಹಿತ್ತಲ ಬಾಗಿಲಿನ ಹೊಸ್ತಿಲಿಗೆ ಅಡ್ಡವಾಗಿ ಕೂತು, ಎರಡೂ ಕಾಲುಗಳನ್ನು ಆ ಕಡೆಯ ಚೌಕಟ್ಟಿಗೆ ಒತ್ತಿ ಇಡುತ್ತಿದ್ದಳು. ಆಚೆ ಹೋಗಬೇಕಾದವರು ಅವಳ ಕಾಲು ದಾಟಿಯೇ ಹೋಗಬೇಕು. ಸೊಸೆ ಬೆಳಿಗ್ಗೆ ಬಕೆಟ್ಟು ಹಿಡಿದು ದಾಟಿ ದಾಟಿ ಬೇಸತ್ತು, “ಮುನಿಸು ಇದ್ರೆ ಬಾಯಲ್ಲಿ ಹೇಳಿ ಅತ್ತೆ, ದಾರಿಗೆ ಅಡ್ಡ ಕೂರಬೇಡಿ,” ಎಂದಳು. ಅತ್ತೆ ಕಾಲು ಮಡಚಿ ದಾರಿ ಬಿಟ್ಟಳು. ಸೊಸೆ ಹೋದ ಮೇಲೆ ಮತ್ತೆ ಚಾಚಿದಳು.

ಚೀಲಗಳ ಹೊಲಿಗೆಯೂ ನಿಂತಿತು. ಮಡಚಿದ ಚೀಲಗಳು ಮೂಲೆಯಲ್ಲಿ ಬೆಳೆಯುತ್ತಾ ಹೋದವು. ಗಿರಣಿಯವನು ಎರಡು ಸಲ ಬಂದು ಕೇಳಿ ಹೋದ.

ನರ್ಸರಿಯಲ್ಲಿ ಅದು ಬಿತ್ತನೆಯ ಕಾಲ. ಸೊಸೆ ಅಲ್ಲಿ ಮೇಲ್ವಿಚಾರಕಿಯಾಗಿ ಎರಡು ತಿಂಗಳಾಗಿತ್ತು. ಆರು ವರ್ಷ ಟ್ರೇಗಳಿಗೆ ತೆಂಗಿನ ನಾರಿನ ಪುಡಿ ತುಂಬಿ, ಗುಳಿಗೊಂದರಂತೆ ಬೀಜ ಉದುರಿಸಿ, ಹಸಿರು ಪರದೆಯ ಕೆಳಗೆ ಬೆನ್ನು ಬಗ್ಗಿಸಿದ ಮೇಲೆ ಯಜಮಾನರು ಅವಳಿಗೆ ನೀಲಿ ಮೇಲಂಗಿ ಕೊಟ್ಟು, ಬೀಜದ ಕಪಾಟಿನ ಬೀಗದ ಕೈಯನ್ನೂ ಕೊಟ್ಟಿದ್ದರು. ಎಲೆಯ ಅಡಿಯಲ್ಲಿ ಹುಳ ಮೊಟ್ಟೆಯಿಟ್ಟದ್ದನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು ಅವಳೇ. ಈಗ ಹನ್ನೆರಡು ಹೆಂಗಸರು ಅವಳ ಮಾತು ಕೇಳಿ ಕೆಲಸ ಮಾಡುತ್ತಿದ್ದರು.

ಒಂದು ದಿನ ಅವಳು ಬೀಗದ ಕೈಯನ್ನೇ ಮನೆಯಲ್ಲಿ ಮರೆತು ಹೋಗಿದ್ದಳು. ಹೆಂಗಸರನ್ನು ಟ್ರೇ ತುಂಬಲು ಹಚ್ಚಿ, ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೇಳಿ ಓಡಿ ಬಂದಳು. ಹನ್ನೊಂದು ಗಂಟೆಯಿರಬೇಕು. ಗಿರಣಿ ಭರ್ರೆಂದು ಓಡುತ್ತಿತ್ತು. ಹಿತ್ತಲ ಗೇಟಿನ ಹತ್ತಿರ ಬಂದಾಗ ಒಳಗೆ ಅತ್ತೆ ಓಡಾಡುತ್ತಿರುವುದು ಕಂಡಿತು. ಕೂಗುತ್ತಿದ್ದಳು, ಆದರೆ ಗಿರಣಿಯ ಸದ್ದಿನಲ್ಲಿ ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ಜೀರಿಗೆ ಬಟ್ಟೆ ಒಗೆಯುವ ಕಲ್ಲಿನ ನೆರಳಲ್ಲಿ ಕೂತು ಬಟ್ಟೆ ಸಿಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಪಕ್ಕದಲ್ಲಿ ಫೋನು ಬೋರಲು ಬಿದ್ದಿತ್ತು. ಅತ್ತೆ ಕಲ್ಲಿನ ಹತ್ತಿರವೇ ಬಂದಳು. ಅವಳ ಸೆರಗಿನ ತುದಿ ಮಗುವಿನ ತಲೆಗೆ ತಗುಲಿತು. ಅವಳು ದಾಟಿ ಹೋದಳು.

ಸೊಸೆ ಗೇಟಿನ ಸರಳು ಹಿಡಿದು ನಿಂತಳು.

ಅತ್ತೆ ಗೋಡೆಯನ್ನು ಸವರುತ್ತಾ ಮೂಲೆಯವರೆಗೆ ಹೋದಳು. ಅಲ್ಲಿಂದ ನೀರಿನ ತೊಟ್ಟಿಗೆ ಬಂದಳು. ಅದರ ಮುಚ್ಚಳ ಓರೆಯಾಗಿತ್ತು. ಅದನ್ನು ತಳ್ಳಿ, ಮೊಣಕಾಲೂರಿ, ತೋಳನ್ನು ಭುಜದವರೆಗೆ ನೀರೊಳಗೆ ಇಳಿಸಿದಳು. ಕೆನ್ನೆ ನೀರಿಗೆ ತಾಗಿತು. ತೊಟ್ಟಿಯ ತಳವನ್ನೆಲ್ಲ ಕೈಯಿಂದ ಬಳಿದಳು. ಕೈ ಹೊರಗೆ ತೆಗೆದಳು. ಮತ್ತೆ ಇಳಿಸಿದಳು.

ಮಗು ಅಜ್ಜಿಯನ್ನೇ ನೋಡುತ್ತಾ ನಗುತ್ತಿತ್ತು. ಅದಕ್ಕೆ ಅದೊಂದು ಆಟ. ಒಂದು ಸದ್ದೂ ಮಾಡಲಿಲ್ಲ.

ಸೊಸೆ ಗೇಟು ತಳ್ಳಿ ಓಡಿ ಮಗುವನ್ನು ಬಾಚಿ ಎತ್ತಿಕೊಂಡಳು. ಗೇಟು ಬಡಿದದ್ದು ಕೇಳಿ ಅತ್ತೆ ತಿರುಗಿದಳು. ತೋಳಿನಿಂದ ನೀರು ಸುರಿಯುತ್ತಿತ್ತು.

“ಯಾರು? ನೀನೇನೇ?”

ಸೊಸೆ ಮಗುವನ್ನು ಎದೆಗೆ ಒತ್ತಿಕೊಂಡಳು.

“ನಿನ್ನ ಕೈಯಲ್ಲಿ ಮಗು ಇದೆ ಅನ್ನೇ,” ಎಂದಳು ಅತ್ತೆ. “ಇದೆ ಅನ್ನೇ ತಾಯಿ.”

ಸೊಸೆ ಹತ್ತಿರ ಹೋಗಿ ಮಗುವನ್ನು ಅತ್ತೆಯ ಒದ್ದೆ ಮಡಿಲಲ್ಲಿ ಇಟ್ಟಳು. ಅತ್ತೆ ಅದರ ತಲೆ, ಕಿವಿ, ಹೊಟ್ಟೆ, ಕಾಲಿನ ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಜೀರಿಗೆ ಒಂದು ಕ್ಲಿಪ್ಪನ್ನು ಅವಳ ಮೂಗಿಗೆ ಸಿಗಿಸಲು ನೋಡುತ್ತಿತ್ತು.

ಗಿರಣಿ ನಿಂತ ಮೇಲೆ ಸೊಸೆ ಕೇಳಿದಳು. “ಎಷ್ಟು ದಿನದಿಂದ ಅತ್ತೆ?”

“ಮೊದಲು ಪಕ್ಕದ್ದೆಲ್ಲ ಹೋಯ್ತು. ಕೊಳವೆಯೊಳಗಿಂದ ನೋಡಿದ ಹಾಗೆ, ಎದುರಿಗೆ ಇದ್ದದ್ದು ಮಾತ್ರ. ಈಗ ಅದೂ ಮಂಜು. ನೀನು ಇಲ್ಲಿ ನಿಂತಿದ್ದೀಯ ಅಂತ ಗೊತ್ತಾಗುತ್ತೆ, ಮೂಗು ಬಾಯಿ ಗೊತ್ತಾಗಲ್ಲ.”

“ಹಾಡು…”

“ಹಾಡು ಎಲ್ಲಿರುತ್ತೋ ಅಲ್ಲಿ ಮಗು ಇರುತ್ತೆ. ಅದು ಫೋನು ಬಿಟ್ಟು ಹೋಗಲ್ಲ. ಎತ್ಕೊಂಡು ನಡೆದ್ರೂ ಸದ್ದು ನಡೆಯುತ್ತೆ. ಗಿರಣಿ ಓಡೋವಾಗಲೂ ಕೇಳಬೇಕಲ್ಲ, ಅದಕ್ಕೆ ಪೂರ್ತಿ ಇಡ್ತಿದ್ದೆ. ಬೀಗ ಇರೋದ್ರಿಂದ ಅದಕ್ಕೆ ಸದ್ದು ಇಳಿಸೋಕೆ ಬರ್ತಿರಲಿಲ್ಲ. ನೀನು ಹಾಕಿಸಿದ ಆ ಬೀಗ ನಂಗೆ ಕಣ್ಣಾಗಿತ್ತು ಕಣೇ.”

“ಹೇಳಬಾರ್ದಾಗಿತ್ತಾ? ಒಂದು ಮಾತು ಹೇಳಬಾರ್ದಾಗಿತ್ತಾ ಅತ್ತೆ?”

“ಕಿವುಡಿ ಹತ್ರ ಮಗೂನ ಬಿಟ್ಟು ಹೋಗ್ತಿದ್ದೆ ನೀನು. ಕಣ್ಣಿಲ್ಲದೋಳ ಹತ್ರ ಬಿಡ್ತಿದ್ದೆಯಾ?”

ಸೊಸೆ ತೊಟ್ಟಿಯ ಮುಚ್ಚಳವನ್ನು ಎಳೆದು ಮುಚ್ಚಿದಳು.

“ನೀನು ಆ ನೀಲಿ ಅಂಗಿ ಹಾಕ್ಕೊಂಡು ಬಂದ ದಿನ ಹೇಳಬೇಕು ಅಂತಾನೇ ಕೂತಿದ್ದೆ. ನೀನು ಬಾಗಿಲಲ್ಲೇ ನಗೋಕೆ ಶುರು ಮಾಡಿದೆ. ನಾಳೆ ಹೇಳೋಣ ಅಂದ್ಕೊಂಡೆ.” ಅತ್ತೆ ಮಗುವಿನ ಕೈಯಿಂದ ಕ್ಲಿಪ್ಪು ಬಿಡಿಸಿಕೊಂಡಳು. “ನನ್ನ ಆಸೆಯೂ ಇತ್ತು. ಮಗು ನೋಡ್ಕೊಳ್ಳೋ ಅಜ್ಜಿ ಅಂದ್ರೆ ಮನೆಗೆ ಬೇಕು. ಬರೀ ಅಜ್ಜಿ ಅಂದ್ರೆ ಮೂಲೇಲಿ ಒಂದು ಚಾಪೆ.”

ಸೊಸೆಯ ಗುಂಡಿ ಫೋನು ಹೊಡೆದುಕೊಂಡಿತು. ಯಜಮಾನರು. ಹನ್ನೆರಡು ಜನ ಕೈಕಟ್ಟಿ ಕೂತಿದ್ದಾರೆ, ಬೀಗದ ಕೈ ಎಲ್ಲಿ ಎಂದು ಕೇಳಿದರು. ಅವಳು ಗಿರಣಿಯವನ ಸೈಕಲ್ಲಿನಲ್ಲಿ ಬೀಗದ ಕೈ ಕಳಿಸಿ, ತಾನು ಹಿತ್ತಲಲ್ಲೇ ಕೂತಳು.

ಸಂಜೆ ಮಗನಿಗೆ ಹೇಳಿದಾಗ ಅವನು ಮೊದಲು ಕೂಗಾಡಿದ, ಆಮೇಲೆ ಹಣೆ ಚಚ್ಚಿಕೊಂಡ. “ಕಿವಿ ತೋರಿಸಿದೆವಲ್ಲ, ಅದರ ಪಕ್ಕದ ಕೋಣೆಯೇ ಕಣ್ಣಿನ ಡಾಕ್ಟರದ್ದು! ಬಾಗಿಲು ತೆರೆದೇ ಇತ್ತು ಅವ್ವಾ! ನಾನು ಅಲ್ಲೇ ನಿಂತಿದ್ದೆ!”

“ಗೊತ್ತು. ಒಳಗೆ ಯಾರೋ ಅಕ್ಷರ ಓದ್ತಾ ಇದ್ದದ್ದು ಕೇಳಿಸ್ತು,” ಎಂದಳು ತಾಯಿ.

ಆಗ ದೊಡ್ಡ ಮಗಳು ಬಿಕ್ಕಲು ಶುರು ಮಾಡಿದಳು. ಸ್ಕೂಲಿಗೆ ಹೊರಡುವ ಮುಂಚೆ ದಿನವೂ ಚೀಲ ಹೊಲಿಯುವ ಹತ್ತು ದಬ್ಬಳಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದವಳು ಅವಳು. ಹಾಡು ಹಾಕಿ ಸೌಂಡು ಏರಿಸಿ ಬೀಗ ಹಾಕುತ್ತಿದ್ದವಳೂ ಅವಳೇ.

“ನಿನಗೆ ಗೊತ್ತಿತ್ತಾ?” ಎಂದಳು ಸೊಸೆ.

“ಅಜ್ಜಿ ದಾರ ಕಾಣಲ್ಲ ಅಂದ್ಲು. ಯಾರಿಗೂ ಹೇಳಬೇಡ ಅಂದ್ಲು. ಇಷ್ಟೊಂದು ಅಂತ ನಂಗೆ ಗೊತ್ತಿರಲಿಲ್ಲಮ್ಮಾ.”

ಅವಳನ್ನು ಯಾರೂ ಬೈಯಲಿಲ್ಲ.

ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸವೆದಿದೆ ಎಂದರು. “ಹೋದದ್ದು ಬರಲ್ಲ. ಇರೋದನ್ನ ಹಿಡಿದಿಡೋಕೆ ನೋಡೋಣ. ಎರಡು ಹೊತ್ತು ತಪ್ಪದೆ ಈ ಹನಿ ಹಾಕಬೇಕು. ಎಂಟು ತಿಂಗಳ ಹಿಂದೆ ಬಂದಿದ್ರೆ…” ಎಂದವರು ಮಾತು ಪೂರ್ತಿ ಮಾಡದೆ ಚೀಟಿ ಬರೆದರು. ಸೊಸೆ ಮನಸ್ಸಿನಲ್ಲೇ ಎಂಟು ತಿಂಗಳು ಎಣಿಸಿದಳು. ಆ ಆ್ಯಪ್ ಹಾಕಿಸಿದ ತಿಂಗಳಿಗೇ ಬಂದು ನಿಂತಿತು.

ಯಜಮಾನರು ಕೆಟ್ಟವರಲ್ಲ. ಆದರೆ ಬಿತ್ತನೆ ಯಾರಿಗೂ ಕಾಯುವುದಿಲ್ಲ. “ಹದಿನಾಲ್ಕು ದಿನ ನೋಡ್ತೀನಮ್ಮ. ಅಷ್ಟರೊಳಗೆ ಮನೇದು ಸರಿ ಮಾಡ್ಕೊಂಡು ಬಾ,” ಎಂದರು.

ಆ ಹದಿನಾಲ್ಕು ದಿನ ಸೊಸೆ ಮನೆಯಲ್ಲೇ ಇದ್ದಳು. ಫೋನನ್ನು ಅಟ್ಟದ ಮೇಲೆ ಇಟ್ಟರು. ಮೊದಲ ಮೂರು ದಿನ ಜೀರಿಗೆ ಅಟ್ಟದ ಕೆಳಗೆ ಮಲಗಿ ಕೈಕಾಲು ಬಡಿದು ಅತ್ತಿತು. ಗಂಡ ತೊಟ್ಟಿಯ ಮುಚ್ಚಳಕ್ಕೆ ಚಿಲಕ ಹಾಕಿಸಿದ, ಗೇಟಿಗೆ ಮೇಲೊಂದು ಕೊಂಡಿ ಹಾಕಿಸಿದ. ಗಿರಣಿಯವನು ಸದ್ದು ತಗ್ಗಲೆಂದು ತನ್ನ ಹಿತ್ತಲ ಕಡೆಯ ಕಿಟಕಿಗೆ ಚೀಲ ತುರುಕಿದ.

“ಫೋನು ಇಲ್ಲದಿದ್ರೆ ಇವಳೇ ಸದ್ದು ಮಾಡಬೇಕು,” ಎಂದಳು ಅತ್ತೆ. “ಕೂಗಿದಾಗ ಓಗೊಟ್ಟರೆ ಸಾಕು. ನಾನು ನೋಡ್ಕೋತೀನಿ. ನೀನು ಕೆಲಸಕ್ಕೆ ಹೋಗು.”

“ಬಾಯೇ ಬಿಡಲ್ಲವಲ್ಲ ಅತ್ತೆ ಅದು.”

“ಬಿಡುತ್ತೆ. ನಿನ್ನ ಗಂಡ ಮೂರು ವರ್ಷ ಬಾಯಿ ಬಿಡಲಿಲ್ಲ. ಈಗ ಮುಚ್ಚಿಸೋಕಾಗುತ್ತಾ?”

ದೊಡ್ಡ ಮಗಳು ಸ್ಕೂಲಿನಿಂದ ಬಂದ ಮೇಲೆ ಆಟ ಶುರು. ಅವಳು ಬಾಗಿಲ ಹಿಂದೆ ಅವಿತುಕೊಳ್ಳುವಳು. ಅಜ್ಜಿ ನಡುಮನೆಯಲ್ಲಿ ನಿಂತು, “ಎಲ್ಲಿದ್ದೀಯೇ?” ಎನ್ನುವಳು. “ಇಲ್ಲೀ!” ಎಂದು ಅವಳು ಕೂಗಿದರೆ ಅಜ್ಜಿ ನೇರವಾಗಿ ನಡೆದು ಬಂದು ಹಿಡಿಯುವಳು. ಆಮೇಲೆ ಜೀರಿಗೆಯ ಸರದಿ. ಅದು ಅವಿತುಕೊಳ್ಳುತ್ತಿತ್ತು, ನಗುತ್ತಿತ್ತು. ಓಗೊಡುತ್ತಿರಲಿಲ್ಲ. ಅಜ್ಜಿ ಗೋಡೆ ಸವರುತ್ತಾ ಕರೆಯುವಳು, ಕರೆಯುವಳು, ಕೊನೆಗೆ ಸುಮ್ಮನೆ ನಿಲ್ಲುವಳು. ಆಗ ಸೊಸೆ ಒಲೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಹನ್ನೆರಡನೆಯ ದಿನ ಅದು ಅವಿತಲ್ಲಿಂದ ಗೋಡೆ ತಟ್ಟಿತು. ಹದಿಮೂರನೆಯ ದಿನ ಅದೂ ಇಲ್ಲ.

ಹದಿನೈದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಯಜಮಾನರ ಫೋನು ಬಂತು. ಸೊಸೆ ಹಿತ್ತಲ ಕೊನೆಗೆ, ಗೇಟಿನ ಹತ್ತಿರ ಹೋಗಿ ದನಿ ತಗ್ಗಿಸಿ ಮಾತಾಡಿದಳು. ಮೇಲ್ವಿಚಾರಣೆಯನ್ನು ಇನ್ನೊಬ್ಬಳಿಗೆ ಕೊಟ್ಟಾಯಿತು, ಆ್ಯಪ್ ಹಾಕಿಕೊಟ್ಟವಳಿಗೇ. ಬೇಕಾದರೆ ಮಧ್ಯಾಹ್ನ ಮೂರರ ಮೇಲೆ, ದೊಡ್ಡವಳು ಸ್ಕೂಲಿನಿಂದ ಬಂದ ನಂತರ, ಟ್ರೇ ತುಂಬಲು ಬರಬಹುದು. ಮೇಲಂಗಿ ಒಗೆದು ಕಳಿಸಬೇಕು. “ಆಯ್ತು ಸಾರ್. ಇಲ್ಲ ಸಾರ್, ಬೇಜಾರಿಲ್ಲ,” ಎಂದು ಫೋನು ಇಟ್ಟಳು.

ಒಳಗೆ ಹೋಗಿ ನೀಲಿ ಮೇಲಂಗಿ ತಂದು ಕಲ್ಲಿನ ಮೇಲೆ ಹಾಕಿ ಸೋಪು ಹಚ್ಚಿದಳು. ಕಾಲರಿನ ಹತ್ತಿರ ಹಸಿರು ಕಲೆಯೊಂದು ಇತ್ತು. ಅದನ್ನೇ ಬಹಳ ಹೊತ್ತು ಉಜ್ಜಿದಳು. ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಜೀರಿಗೆ ಒಣಗಲು ಹಾಕಿದ ಹೊದಿಕೆಯ ಹಿಂದೆ ಎಲ್ಲೋ ಇತ್ತು. ಗಿರಣಿಯವನು ಮಷೀನು ಶುರು ಮಾಡಿದ.

“ಜೀರಿಗೇ,” ಎಂದು ಅತ್ತೆ ಕರೆದಳು. “ಎಲ್ಲಿದ್ದೀಯೇ?”

ಏನೂ ಇಲ್ಲ. ಅತ್ತೆ ಗಿರಣಿಯ ಸದ್ದನ್ನು ಮೀರಿಸಿ ಇನ್ನೂ ಗಟ್ಟಿಯಾಗಿ ಕೂಗಿದಳು. “ಎಲ್ಲಿದ್ದೀಯೇ?”

“ಇಲ್ಲಿ.”

ಸೊಸೆಯ ಕೈ ನಿಂತಿತು.

“ಎಲ್ಲಿ?”

“ಇಲ್ಲೀ!” ಹೊದಿಕೆ ಅಲುಗಿತು. ಮಗುವೂ ಗಿರಣಿಯ ಮೇಲೆ ದನಿ ಏರಿಸಿತ್ತು.

ಅತ್ತೆ ಎದ್ದು, ಗೋಡೆ ಮುಟ್ಟದೆ, ನೇರವಾಗಿ ನಡೆದು ಹೊದಿಕೆಯ ಸಮೇತ ಮಗುವನ್ನು ಹಿಡಿದಳು. ಅದು ಕಿಲಕಿಲ ನಕ್ಕು ಬಿಡಿಸಿಕೊಂಡು ಓಡಿತು. ಮೆಟ್ಟಿಲ ಹತ್ತಿರ ನಿಂತು, ಯಾರೂ ಕರೆಯದಿದ್ದರೂ, “ಇಲ್ಲೀ!” ಎಂದು ಕೂಗಿತು.

“ಕೇಳಿಸಿತೇನೇ?” ಎಂದಳು ಅತ್ತೆ.

“ಕೇಳಿಸಿತು ಅತ್ತೆ.”

ಅತ್ತೆ ಒಗೆಯುವ ಕಲ್ಲಿನ ಹತ್ತಿರ ಬಂದು ನಿಂತಳು. “ಆಗ ಫೋನು ಬಂದಿತ್ತಲ್ಲ, ಏನಂದ್ರು?”

ಸೊಸೆ ಮೇಲಂಗಿಯನ್ನು ನೀರಿನಲ್ಲಿ ಅದ್ದಿ ಎತ್ತಿದಳು. “ಆಂ?” ಎಂದಳು.

ಅತ್ತೆ ಕಲ್ಲಿನ ಅಂಚಿಗೆ ಕೈಯೂರಿದಳು. “ನನ್ನ ಕಿವಿ ಚೆನ್ನಾಗಿದೆ ಅಂತ ಆ ಹುಡುಗಿ ಕಾಗದದಲ್ಲಿ ಬರೆದುಕೊಟ್ಟಿದ್ದಾಳೆ ಕಣೇ,” ಎಂದಳು. “ಗೇಟಿನ ಹತ್ರ ಹೋಗಿ ಮಾತಾಡಿದ್ರೂ ಅಷ್ಟೇ.”

ಪಕ್ಕದ ಗಿರಣಿ ನಿಂತಿತು. ಮೇಲಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅತ್ತೆ ಆ ಸದ್ದಿನ ಕಡೆಗೆ ಕೈ ಚಾಚಿದಳು. “ಒಂದು ತುದಿ ಇತ್ತ ಕೊಡು. ಒಬ್ಬಳೇ ಹಿಂಡಿದ್ರೆ ನೀರು ಹೋಗಲ್ಲ ಅದು.”

ಸೊಸೆ ಒಂದು ತೋಳನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ತಿರುಚತೊಡಗಿದರು.